ಹೊಸೂರಿನ ಯಂತ್ರಶಾಲೆಗಳಲ್ಲಿ ವಿಶ್ವಾಸದ ಪರಂಪರೆ

ಹೊಸೂರು ಸೀಮೆಯ ಸ್ವಯಂಚಾಲನದ ಚರಿತ್ರೆಯನ್ನು ಪೋಚಂಪಳ್ಳಿಯ ವಿದ್ಯುತ್ ಸ್ಕೂಟರಿನ ಕಾರ್ಖಾನೆಯಿಂದಲೇ ಆರಂಭಿಸುವ ರೂಢಿ ಈಚೆಗೆ ಬೆಳೆದಿದೆ. ಯಂತ್ರದ ತೀರ್ಪನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಪ್ರಶ್ನೆ ಕೃತಕ ಬುದ್ಧಿಯೊಡನೆಯೇ ಹುಟ್ಟಿತೆಂಬ ಭಾವನೆ ಇದರಿಂದ ಮೂಡುವುದಾದರೆ, ಅದು ಸತ್ಯಕ್ಕೆ ಬಹುದೂರವಾದುದು.

ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. ಬೆಂಗಳೂರಿನಲ್ಲಿ 1953ರಲ್ಲಿ ಎಚ್.ಎಂ.ಟಿ.ಯೂ 1962ರಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆಯೂ ಸ್ಥಾಪಿತವಾದುವು, ಎಪ್ಪತ್ತರ ದಶಕದಲ್ಲಿ ಗಡಿಯಾಚೆ ತಮಿಳುನಾಡಿನ ಹೊಸೂರಿಗೆ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದಿತು, 1980ರಲ್ಲಿ ಟಿ.ವಿ.ಎಸ್. ಮೊಪೆಡ್ಡೂ ಅಶೋಕ್ ಲೇಲ್ಯಾಂಡ್ ಘಟಕವೂ, ಆ ದಶಕ ಮುಗಿಯುವುದರೊಳಗೆ ಟೈಟಾನ್ ಗಡಿಯಾರವೂ ಹೊಸೂರಿನ ಹೆಸರನ್ನು ದೇಶಕ್ಕೆ ಪರಿಚಯಿಸಿದುವು.

ನಮ್ಮ ತಲೆಮಾರಿನವರು ಕಲಿತ ವಿದ್ಯೆ ಅನಂತರದ್ದು. ಸಂಖ್ಯಾಶಾಸ್ತ್ರಜ್ಞ ಷೂಹಾರ್ಟನು 1924ರಲ್ಲಿ ರೂಪಿಸಿದ ನಿಯಂತ್ರಣ ನಕ್ಷೆಯನ್ನು ಲೇತಿನ ಪಕ್ಕದಲ್ಲಿ ತೂಗುಹಾಕಿ, ಒಂದೇ ಬಿಡಿಭಾಗವನ್ನು ಹಲವರ ಕೈಯಲ್ಲಿ ಹಲವು ಬಾರಿ ಅಳೆಸಿ, ವ್ಯತ್ಯಾಸದಲ್ಲಿ ಗೇಜಿನ ಪಾಲೆಷ್ಟು, ಅಳೆದವನ ಪಾಲೆಷ್ಟು, ವಸ್ತುವಿನದೆಷ್ಟು ಎಂದು ಬಿಡಿಸಿ ನೋಡದೆ ನಾವು ಯಾವ ಅಳತೆಯನ್ನೂ ಒಪ್ಪುತ್ತಿರಲಿಲ್ಲ. 2002ರಲ್ಲಿ ಟಿ.ವಿ.ಎಸ್. ಮೋಟಾರ್ ಗುಣಮಟ್ಟಕ್ಕೆ ಸಲ್ಲುವ ಡೆಮಿಂಗ್ ಪ್ರಶಸ್ತಿಗೆ ಪಾತ್ರವಾದಾಗ ಈ ಶಿಸ್ತಿಗೇ ಮನ್ನಣೆ ದೊರೆಯಿತೆಂದು ನಾನು ಭಾವಿಸುತ್ತೇನೆ. ಇದನ್ನು ಬರಿಯ ಕಾಗದದ ಕೆಲಸವೆಂದು ಬದಿಗೊತ್ತಿದವರು ನಷ್ಟವನ್ನು ಇನ್ನೂ ಲೆಕ್ಕ ಹಾಕಿಲ್ಲ.

ಕೃತಕ ಬುದ್ಧಿಯ ಕಾಲದಲ್ಲೂ ಆ ಶಿಸ್ತು ಏಕೆ ಬೇಕೆಂಬುದಕ್ಕೆ ಅಲ್ಯೂಮಿನಿಯಂ ಎರಕವನ್ನು ಪರೀಕ್ಷಿಸುವ ಕ್ಯಾಮೆರಾವನ್ನೇ ನೋಡಿ. ಸಾವಿರಾರು ಚಿತ್ರಗಳಿಂದ ಬ್ಲೋ ಹೋಲನ್ನು, ಎಂದರೆ ಎರಕದಲ್ಲಿ ಅನಿಲದಿಂದಾದ ರಂಧ್ರವನ್ನು, ಗುರುತಿಸಲು ಕಲಿತ ಆ ವ್ಯವಸ್ಥೆ, ದೀಪ ಕೊಂಚ ಮಂಕಾದರೆ, ಅಥವಾ ಸರಿಯಾಗಿ ತೊಳೆಯದ ಮೈಮೇಲೆ ಕೂಲೆಂಟಿನ ಕಲೆ ಉಳಿದರೆ, ನಿರ್ದೋಷವಾದ ಎರಕವನ್ನು ದೋಷಯುಕ್ತವೆಂದು ತಳ್ಳಿಬಿಡಬಹುದು. ತಳ್ಳಲ್ಪಟ್ಟದ್ದು ಮರಳಿ ಕುಲುಮೆಗೆ ಹೋಗುತ್ತದೆ. ಅಲ್ಯೂಮಿನಿಯಂ ಕರಗುವುದಕ್ಕೆ 660 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಸುಳ್ಳು ತೀರ್ಪೊಂದು ಹೀಗೆ ಇಂಧನದ ವ್ಯಯವೂ ಆಗುವುದರಿಂದ, ವಿಶ್ವಾಸಾರ್ಹತೆ ಒಂದು ಸಮಿತಿಗೆ, ಪರಿಸರ ಇನ್ನೊಂದಕ್ಕೆ ಎಂದು ಹಂಚಿಕೊಡುವ ಪದ್ಧತಿ ನನಗೆ ಸಮ್ಮತವಲ್ಲ.

ಕೃತಕ ಬುದ್ಧಿಯ ಬಗೆಗಿನ 2023ರ ಐ.ಎಸ್.ಒ. 42001 ಮಾನದಂಡವೂ 2024ರ ಐರೋಪ್ಯ ಒಕ್ಕೂಟದ ಶಾಸನವೂ ಸಂಸ್ಥೆಗಳ ಹೊಣೆಗಾರಿಕೆಯನ್ನು ಸ್ಪಷ್ಟಪಡಿಸಿರುವುದು ಸ್ತುತ್ಯರ್ಹವೇ. ಆದರೆ ಕ್ಯಾಮೆರಾದ ಆ ದೀಪವನ್ನು ಯಾವ ಪಾಳಿಯಲ್ಲಿ ಯಾರು ಪರೀಕ್ಷಿಸಬೇಕೆಂಬುದನ್ನು ಕಾರ್ಖಾನೆಯೇ ಬರೆದಿಟ್ಟುಕೊಳ್ಳಬೇಕು.

ಸ್ವಯಂಚಾಲನ ಕ್ಷೇತ್ರದ ಬರಹಗಳಲ್ಲಿ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳ ಮಾತು ವಿರಳ. ಹಳೆಯ ಯಂತ್ರಕ್ಕೇ ಸಂವೇದಕ ಜೋಡಿಸಿ ಅದರ ಆಯುಷ್ಯವನ್ನು ಬೆಳೆಸುವ ಅವರ ಉದ್ಯಮಕ್ಕೆ ಅಧ್ಯಯನದ ಗೌರವ ಇನ್ನೂ ದಕ್ಕಬೇಕಾಗಿದೆ. ಪರೀಕ್ಷಕನ ಮಾತೂ ಆ ಬರಹಗಳಲ್ಲಿ ವಿರಳ. ಡೆಂಕಣಿಕೋಟೆ, ತಳಿ ಕಡೆಯ ಹಳ್ಳಿಗಳಿಂದ ಬಂದು ಕನ್ನಡ, ತಮಿಳು, ತೆಲುಗುಗಳಲ್ಲಿ ವ್ಯವಹರಿಸುವ ಪರೀಕ್ಷಕನಿಗೆ, ಎರಕವನ್ನು ತಳ್ಳಿದ ಕಾರಣ ಪರದೆಯ ಮೇಲೆ ಇಂಗ್ಲಿಷಿನಲ್ಲಷ್ಟೇ ಮೂಡಿದರೆ, ಅದನ್ನು ಪ್ರಶ್ನಿಸುವ ಅಧಿಕಾರ ಅವನಿಗಿದ್ದೂ ಇಲ್ಲದಂತೆಯೇ. ಕ್ಯಾಮೆರಾದ ನಿಖರತೆಯನ್ನು ಶೇಕಡಾವಾರು ಸಾರುವ ವರದಿಗಳನ್ನು ಬಹಳಷ್ಟು ಕಂಡಿದ್ದೇನೆ. ಅದರ ತೀರ್ಪನ್ನು ಪರೀಕ್ಷಕನು ಎಷ್ಟು ಸಲ ತಿದ್ದಿದನು, ಹಾಗೆ ತಿದ್ದಿದಾಗ ಯಾರದು ಸರಿಯಾಗಿತ್ತು ಎಂಬ ಅಂಕಣವನ್ನು ಅವುಗಳಲ್ಲಿ ಕಂಡಿಲ್ಲ.