‘ಮುಟ್ಟಬೇಡಿ’

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಹುಡುಗರನ್ನು ಕರೆದುಕೊಂಡು ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಅವರಲ್ಲೊಬ್ಬ ಹುಟ್ಟುಗುರುಡ, ಹಳಗನ್ನಡ ಕಾವ್ಯದಲ್ಲಿ ತರಗತಿಗೇ ಮೊದಲಿಗ. ವೀರಗಲ್ಲೊಂದರ ಮುಂದೆ ನಿಂತು ನಾನು ಅದರ ಮೂರು ಅಂತಸ್ತುಗಳನ್ನು ವಿವರಿಸುತ್ತಿದ್ದಾಗ ಅವನು ಮೆಲ್ಲನೆ ಕೈಚಾಚಿದ. ಕಾವಲುಗಾರ ಗದರಿಸಿಬಿಟ್ಟ. “ಹಾಗಾದರೆ ನಾನು ಇಲ್ಲಿಗೆ ಬಂದದ್ದು ಏನು ನೋಡಲು, ಸಾರ್?” ಎಂದು ಹುಡುಗ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಗೆ ಇಂಗ್ಲೆಂಡಿನ ಸಂಡರ್ಲೆಂಡ್ ಪಟ್ಟಣದಲ್ಲಿ ನೂರು ವರ್ಷಕ್ಕೂ ಹಿಂದೆಯೇ ಒಬ್ಬರು ಉತ್ತರ ಕಂಡಿದ್ದರೆಂಬುದು ನನಗೆ ತಿಳಿದದ್ದು ಆಮೇಲೆ. ಅಲ್ಲಿನ ವಸ್ತುಸಂಗ್ರಹಾಲಯದ ಮೇಲ್ವಿಚಾರಕರಾಗಿದ್ದ ಚಾರ್ಲ್‌ಟನ್ ಡೀಸ್ ಎಂಬವರು 1906ರಲ್ಲಿ ಊರಿನ ಅಂಧರ ಶಾಲೆಯ ಮಕ್ಕಳನ್ನು ಕರೆಸಿ, ವಸ್ತುಗಳನ್ನು ಅವರ ಕೈಗೇ ಒಪ್ಪಿಸಿದರು. 1913ರ ಹೊತ್ತಿಗೆ ಈ ಏರ್ಪಾಡು ಬೆಳೆದು, ವಯಸ್ಕರೂ ಬರತೊಡಗಿದರು. ಆಗಿನ ಛಾಯಾಚಿತ್ರಗಳು ಉಳಿದುಬಂದಿವೆ. ತೊಗಲಿನೊಳಗೆ ತುರುಕಿ ಜೀವಂತವೆಂಬಂತೆ ನಿಲ್ಲಿಸಿದ ಮೃಗಗಳ ಮೈಯನ್ನು ಮಕ್ಕಳು ಸವರುತ್ತಿದ್ದಾರೆ. ಅವಸರವಿಲ್ಲ, ಗದರುವವರೂ ಇಲ್ಲ. ಆ ಚಿತ್ರಗಳ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ.

ಕಾವಲುಗಾರನದು ಬರಿಯ ಒರಟುತನವೆಂದರೆ ಅನ್ಯಾಯವಾದೀತು. ಕೈಯ ಬೆವರೂ ಜಿಡ್ಡೂ ಕಂಚನ್ನು ಕೆಡಿಸುತ್ತವೆ, ಅಮೃತಶಿಲೆಯ ಬಣ್ಣಗೆಡಿಸುತ್ತವೆ. ಈ ತೊಡಕಿಗೆ ಇಟಲಿಯ ಆಂಕೋನಾ ನಗರದಲ್ಲಿ ಕಂಡುಕೊಂಡ ದಾರಿ ಸೊಗಸಾದದ್ದು. ಆಲ್ಡೊ ಗ್ರಾಸ್ಸೀನಿ ಮತ್ತು ಅವರ ಮಡದಿ ಡಾನಿಯೇಲಾ ಬೊತ್ತೆಗೋನಿ, ಇಬ್ಬರೂ ಅಂಧರು. ದೇಶ ಸುತ್ತುವ ಹಂಬಲದವರು. ಹೋದಲ್ಲೆಲ್ಲ ‘ಮುಟ್ಟಬೇಡಿ’ ಎಂಬ ಮಾತೇ ಇದಿರಾಯಿತು. ಕೊನೆಗೆ ಅವರ ಪ್ರಯತ್ನದಿಂದಲೇ 1993ರಲ್ಲಿ ಅಲ್ಲಿ ಮುಟ್ಟಿ ನೋಡುವ ಮ್ಯೂಸಿಯಂ ಹುಟ್ಟಿತು; ಅದಕ್ಕೆ ಅಂಧಕವಿಯೆಂದು ಪ್ರತೀತಿ ಪಡೆದ ಹೋಮರನ ಹೆಸರು. ಮೈಕೆಲೇಂಜಲೊನ ಶಿಲ್ಪಗಳ ಪ್ರತಿಗಳೂ ರೋಮಿನ ಪ್ಯಾಂಥಿಯನ್ನಿನಂಥ ಕಟ್ಟಡಗಳ ಮಾದರಿಗಳೂ ಅಲ್ಲಿವೆ. ಗುಮ್ಮಟವೊಂದನ್ನು ಕಣ್ಣುಳ್ಳವನೂ ಒಮ್ಮೆಗೇ ಒಳಹೊರಗೆ ಕಾಣಲಾರ. ಅಲ್ಲಿ ಅದು ಎರಡು ಅಂಗೈಗಳ ನಡುವೆ ಸಿಕ್ಕುತ್ತದೆ!

ಚಿತ್ರಪಟದ ಸಂಗತಿ ಇನ್ನೂ ಬಿಕ್ಕಟ್ಟಿನದು. ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದವರು 2015ರಲ್ಲಿ ಆರು ಚಿತ್ರಗಳ ಉಬ್ಬುಪ್ರತಿಗಳನ್ನು ಮಾಡಿಸಿ ಇಟ್ಟರು. ಅದೇ ವರ್ಷ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ‘ಅನುಭವ್’ ಎಂಬ ವಿಭಾಗ ತೆರೆಯಿತು. ಅಲ್ಲಿಟ್ಟದ್ದು 22 ಪ್ರತಿಕೃತಿಗಳು, ಜೊತೆಗೆ ಬ್ರೈಲ್ ವಿವರಣೆ.

ಹೋದ ವರ್ಷ ನಮ್ಮೂರಿನ ಶಿಲ್ಪಿಯೊಬ್ಬರಿಂದ ಆ ವೀರಗಲ್ಲಿನ ಮೊಳದುದ್ದದ ಪ್ರತಿಯೊಂದನ್ನು ಮಾಡಿಸಿದೆ. ಹುಡುಗ ಬಂದಿದ್ದ, ಈಗ ಅವನೂ ಮೇಷ್ಟ್ರು. ಕೆಳಗಿನ ಯುದ್ಧದಿಂದ ಹಿಡಿದು ಮೇಲಿನ ಲಿಂಗದವರೆಗೆ ಬೆರಳಾಡಿಸಿ, ಮತ್ತೆ ನಡುವಣ ಅಂತಸ್ತಿಗೆ ಇಳಿದು ನಿಂತ.

“ಅಪ್ಸರೆಯರ ಕೈಯಲ್ಲಿ ಚಾಮರವಿದೆಯಲ್ಲ ಸಾರ್, ಅವತ್ತು ನೀವು ಅದನ್ನು ಹೇಳಲೇ ಇಲ್ಲ” ಎಂದ.