ಬರದ ಬಾವಿ, ನೆರೆಯ ನೀರು: ಸೊಲ್ಲಾಪುರ–ಅಕ್ಕಲಕೋಟ ಸೀಮೆಯ ಜಲಜನ್ಯ ರೋಗಗಳ ಚರಿತ್ರೆ

ಸೊಲ್ಲಾಪುರ ಜಿಲ್ಲೆ ಸಹ್ಯಾದ್ರಿಯ ಮಳೆನೆರಳಿನ ನಾಡು. ಅದರ ಚರಿತ್ರೆ ಎಂದರೆ ಬರಗಾಲಗಳ ಚರಿತ್ರೆ ಎಂಬ ಭಾವನೆ ಗಟ್ಟಿಯಾಗಿ ಬೇರೂರಿದೆ. ಆದರೂ ಭೀಮಾ, ಸೀನಾ, ಬೋರಿ ಹೊಳೆಗಳ ದಂಡೆಯ ಊರುಗಳಿಗೆ ನೆರೆ ಹೊಸದಲ್ಲ. ಹೊಳೆ ಇಳಿದ ಮೇಲೆ ಕಾಣಿಸಿಕೊಳ್ಳುವ ವಾಂತಿಭೇದಿ, ಟೈಫಾಯ್ಡ್, ಕಾಮಾಲೆಗಳೂ ಹೊಸವಲ್ಲ. ಬರವನ್ನು ಎದುರಿಸಲು ಕಟ್ಟಿಕೊಂಡ ನೀರಿನ ಏರ್ಪಾಡುಗಳೇ ನೆರೆಗಾಲದಲ್ಲಿ ರೋಗಕ್ಕೆ ದಾರಿ ಬಿಟ್ಟುಕೊಡುತ್ತವೆ ಎಂಬುದು ಈ ಲೇಖನದ ವಾದ.

1817ರಲ್ಲಿ ಬಂಗಾಳದಲ್ಲಿ ಭುಗಿಲೆದ್ದ ಕಾಲರಾ, 1818ರಲ್ಲಿ ದಖ್ಖನ್ ದಾಟಿ ಮುಂಬಯಿ ಮುಟ್ಟಿತು. ಆಮೇಲೆ ಬಹುಕಾಲ ಬ್ರಿಟಿಷ್ ಆಡಳಿತದ ಕಣ್ಣು ನೆಟ್ಟಿದ್ದು ಇದೇ ಜಿಲ್ಲೆಯ ಪಂಢರಪುರದ ಆಷಾಢಿ ವಾರಿ ಯಾತ್ರೆಯ ಮೇಲೆ. ಆಷಾಢ ಏಕಾದಶಿ ಬರುವುದೇ ಮಳೆಗಾಲದಲ್ಲಿ. ಚಂದ್ರಭಾಗೆಯಲ್ಲಿ (ಅಲ್ಲಿ ಭೀಮೆಯ ಹೆಸರು ಅದು) ಮಿಂದು, ಅದೇ ನೀರು ಕುಡಿದು, ಕಿಕ್ಕಿರಿದ ಊರಲ್ಲಿ ತಂಗಿದ್ದ ವಾರಕರಿಗಳು ಮರಳುವ ದಾರಿಯಲ್ಲಿ ಬೇನೆ ಬೀಳುತ್ತಿದ್ದರು. 1866ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನವೂ ಭಾರತದ ತೀರ್ಥಯಾತ್ರೆಗಳತ್ತ ಬೆರಳು ತೋರಿಸಿತು. ಕಾಲರಾ ಹರಡುವುದು ನೀರಿನಿಂದ ಎಂದು ಲಂಡನ್ನಿನಲ್ಲಿ ಜಾನ್ ಸ್ನೋ ತೋರಿಸಿ ಆಗಲೇ ಹನ್ನೆರಡು ವರ್ಷ ಕಳೆದಿತ್ತು. ಯಾತ್ರಿಕರನ್ನು ದೂರಿದಷ್ಟು ಸುಲಭವಾಗಿ ಅವರಿಗೆ ಶುದ್ಧ ನೀರು ಕೊಡುವ ಕೆಲಸ ಆಗಲಿಲ್ಲ. ಊರವರಿಗೆ ಕಾಲರಾ ಎಂದರೆ ಮರಿಯಾಯಿ ದೇವಿಯ ಮುನಿಸು. ಅವಳ ಗಾಡಾ (ಬಂಡಿ) ಎಳೆದು ಸೀಮೆಯಾಚೆ ಬಿಟ್ಟುಬರುವ ಪದ್ಧತಿ ಈ ಭಾಗದಲ್ಲಿತ್ತು. ರೋಗ ಊರಿಂದೂರಿಗೆ ಸಾಗುತ್ತದೆ ಎಂಬ ಅರಿವು ಆ ಆಚರಣೆಯೊಳಗೇ ಇದೆ.

ಬರ ಇಲ್ಲಿನ ನೀರಿನ ನೆಲೆಗಳಿಗೆ ಅವುಗಳ ರೂಪ ಕೊಟ್ಟಿತು. ಸೊಲ್ಲಾಪುರದ ಹೊರವಲಯದಲ್ಲಿ ಅದಿಲಾ ಹಳ್ಳಕ್ಕೆ ಕಟ್ಟಿದ ಏಕರೂಖ್ ಅಥವಾ ಹಿಪ್ಪರಗಾ ಕೆರೆ ಹತ್ತೊಂಬತ್ತನೇ ಶತಮಾನದ್ದು. ಮೆಟ್ಟಿಲು ಬಾವಿಗೆ ಇಳಿದು ಕೊಡ ತುಂಬುವ ರೂಢಿ ನಾರುಹುಣ್ಣನ್ನು ಉಳಿಸಿಕೊಂಡು ಬಂತು. ದೇಶ ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2000ದಲ್ಲಿ. ಹೊಳೆದಂಡೆಯ ಹಳ್ಳಿಗಳು ಬೇಸಿಗೆಯಲ್ಲಿ ಮರಳಲ್ಲಿ ಒರತೆ ತೋಡಿ ನೀರು ಕಾಣುತ್ತಿದ್ದವು. ನಳದ ಯೋಜನೆಗಳು ಬಂದಾಗ ನೀರೆತ್ತುವ ಜಾಕ್‌ವೆಲ್ ಬಾವಿಗಳೂ ನೀರು ಬತ್ತದ ಜಾಗವನ್ನೇ, ಅಂದರೆ ಹೊಳೆಯ ಅಂಚನ್ನೇ ಹುಡುಕಿಕೊಂಡವು. ಎಪ್ರಿಲ್ ತಿಂಗಳ ಲೆಕ್ಕದಲ್ಲಿ ಅದು ಸರಿಯಾದ ಜಾಗ. ನೆರೆ ಬಂದಾಗ ಮೊದಲು ಮುಳುಗುವುದೂ ಅದೇ.

2020ರ ಅಕ್ಟೋಬರ್‌ನಲ್ಲಿ ಅಂಥದೊಂದು ನೆರೆ ಬಂತು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ 13ರಂದು ಕಾಕಿನಾಡ ಬಳಿ ದಡ ಸೇರಿ, ಮರುದಿನ ಸೊಲ್ಲಾಪುರದ ಮೇಲೆ ಮಳೆ ಸುರಿಸಿತು. ಭೀಮೆಗೆ ಅಡ್ಡಲಾಗಿರುವ ಉಜನಿ ಜಲಾಶಯ ತುಂಬಿತ್ತು. ನಳದುರ್ಗದ ಕಡೆಯಿಂದ ಇಳಿದು ಅಕ್ಕಲಕೋಟ ತಾಲೂಕಿನ ಕುರನೂರು ಅಣೆಕಟ್ಟಿಗೆ ಬರುವ ಬೋರಿಯೂ ಉಕ್ಕಿತು. ಸಾಂಗವಿ ಖುರ್ದ್‌ನಂಥ ಹಳ್ಳಿಗಳಿಗೆ ನೀರು ನುಗ್ಗಿತು. 19ರಂದು ಅಂದಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಅಲ್ಲಿಗೆ ಬಂದುಹೋದರು. ಗಡಿಯಾಚೆ ಕರ್ನಾಟಕದ ಅಫಜಲಪುರ ತಾಲೂಕಿನ ಊರುಗಳಿಗೂ ಅದೇ ಭೀಮೆ ನುಗ್ಗಿತ್ತು.

ಹೊಳೆ ಇಳಿದ ಮೇಲೆ ಒಂದು ಹಳ್ಳಿಯ ಬಾವಿಯ ಬಳಿ ನಡೆಯುವ ಕೆಲಸವನ್ನು ತುಸು ಹತ್ತಿರದಿಂದ ನೋಡಬೇಕು. ಮಹಾರಾಷ್ಟ್ರದ ಗ್ರಾಮಪಂಚಾಯತಿಗಳಲ್ಲಿ ಇದರ ಹೊಣೆ ಜಲಸುರಕ್ಷಕನದು, ಅವನ ಆಯುಧ ಟಿಸಿಎಲ್ ಪೌಡರ್, ಅಂದರೆ ಬ್ಲೀಚಿಂಗ್ ಪುಡಿ. ಸಾವಿರ ಲೀಟರ್‌ಗೆ 2.5 ಗ್ರಾಂ ಎಂಬುದು ಸಾಮಾನ್ಯ ಲೆಕ್ಕ. ನಾಲ್ಕು ಮೀಟರ್ ವ್ಯಾಸದ ಬಾವಿಯಲ್ಲಿ ಐದು ಮೀಟರ್ ನೀರಿದ್ದರೆ ಸುಮಾರು 157 ಗ್ರಾಂ. ಆದರೆ ಈ ಲೆಕ್ಕ ತಿಳಿನೀರಿನದು. ರಾಡಿ, ಸಗಣಿ, ಕೊಳೆತ ಬೆಳೆ ಬೆರೆತ ನೀರು ಕ್ಲೋರಿನ್ನನ್ನು ತಾನೇ ನುಂಗುತ್ತದೆ; ರೋಗಾಣುಗಳಿಗೆ ಉಳಿಯುವುದು ಅಲ್ಪ. ಹಾಗಾಗಿ ನೆರೆ ಹೊಕ್ಕ ಬಾವಿಯನ್ನು ಮೊದಲು ಬರಿದು ಮಾಡಬೇಕು. ಮೋಟಾರು ಮುಳುಗಿ, ಕರೆಂಟು ಹೋದ ಊರಲ್ಲಿ ಅದು ಹೇಗೆ ಸಾಧ್ಯ? ಇನ್ನು ನೀರಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ನೋಡುವ ಓಟಿ ಪರೀಕ್ಷೆ. ನೀರಿಗೆ ಆರ್ಥೋಟಾಲಿಡಿನ್ ಹನಿ ಹಾಕಿದ ಹತ್ತು ಸೆಕೆಂಡಿನೊಳಗೆ ಮೂಡುವ ಹಳದಿ ಮಾತ್ರ ಮುಕ್ತ ಕ್ಲೋರಿನ್ನಿನ ಗುರುತು. ಹೊಲಸು ನೀರಿನಲ್ಲಿ ತಡವಾಗಿ ಮೂಡುವ ಹಳದಿಯನ್ನು ನಂಬಿ ಕೈತೊಳೆದುಕೊಂಡರೆ ಇಡೀ ಊರು ಅಪಾಯಕ್ಕೆ ಸಿಕ್ಕಂತೆ.

ಸೊಲ್ಲಾಪುರ ನಗರದ ಸಂಕಟ ಬೇರೆ ಬಗೆಯದು. ಉಜನಿ, ಭೀಮೆಯ ಟಾಕಳಿ, ಹಿಪ್ಪರಗಾ ಕೆರೆ, ಹೀಗೆ ಮೂರು ಕಡೆಯಿಂದ ನೀರು ಬಂದರೂ ನಳ ಬಿಡುವುದು ಕೆಲವು ದಿನಗಳಿಗೊಮ್ಮೆ. ಖಾಲಿ ಕೊಳವೆಯಲ್ಲಿ ಒತ್ತಡ ಇಳಿದಾಗ ಸುತ್ತಲಿನ ಗಟಾರದ ನೀರು ಬಿರುಕುಗಳಿಂದ ಒಳಗೆ ಜಿನುಗುತ್ತದೆ; ಮಳೆಗೆ ನೆಲ ನೆಂದಿದ್ದರೆ ಇನ್ನೂ ಹೆಚ್ಚು. ನೀರು ಸಾಲದೆಂದು ಮಾಡಿದ ಸರದಿಯ ಏರ್ಪಾಡು ಮಳೆಗಾಲದಲ್ಲಿ ಹೀಗೆ ತಿರುಗಿಬೀಳುತ್ತದೆ.

ಇದಕ್ಕೆ ದಿಲ್ಲಿಯ 1955–56ರ ಅನುಭವವನ್ನು ಜೋಡಿಸಿ ನೋಡಬೇಕು. ನೆರೆಯ ನಂತರ ಯಮುನೆಯ ಪಾತ್ರ ಸರಿದು, ನಜಫಗಢ ನಾಲೆಯ ಕೊಳಚೆ ವಜೀರಾಬಾದ್ ಪಂಪಿಂಗ್ ಕೇಂದ್ರಕ್ಕೆ ಹೊಕ್ಕಿತು. ಹೆಚ್ಚುವರಿ ಕ್ಲೋರಿನ್ ಹಾಕಿದ್ದರಿಂದ ಟೈಫಾಯ್ಡ್ ಏರಲಿಲ್ಲ. ಆದರೆ ಸುಮಾರು 29,000 ಜನರಿಗೆ ಕಾಮಾಲೆ ಬಂತು. ಅದು ಇಂದು ನಾವು ಹೆಪಟೈಟಿಸ್ ಇ ಎನ್ನುವ ರೋಗವೆಂದು ಗೊತ್ತಾದದ್ದು ದಶಕಗಳ ಬಳಿಕ. ಕಾಲರಾ ಒಂದೆರಡು ದಿನದಲ್ಲಿ ಮುಖ ತೋರಿಸುತ್ತದೆ, ಟೈಫಾಯ್ಡ್ ಒಂದರಿಂದ ಮೂರು ವಾರಕ್ಕೆ, ಹೆಪಟೈಟಿಸ್ ಇ ಎರಡರಿಂದ ಎಂಟು ವಾರದ ಒಳಗೆ. ಗರ್ಭಿಣಿಯರಿಗೆ ಅದು ಪ್ರಾಣಾಂತಕವಾಗಬಹುದು. ಕಾಮಾಲೆ ಕಾಣಿಸುವ ಹೊತ್ತಿಗೆ ಪರಿಹಾರ ಕೇಂದ್ರಗಳು ಮುಚ್ಚಿ, ಪಂಚನಾಮೆ ಮುಗಿದಿರುತ್ತದೆ. ಬೆಳೆನಷ್ಟಕ್ಕೆ ಪಂಚನಾಮೆ ಉಂಟು, ಎರಡು ತಿಂಗಳ ಬಳಿಕ ಹಳದಿಯಾಗುವ ಕಣ್ಣಿಗೆ ಇಲ್ಲ. ಈ ಕೊರತೆ ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಸೀನಾ ಉಕ್ಕಿ ಮಾಢಾ, ಮೋಹೋಳ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳು ಮುಳುಗಿದವು. ಸೊಲ್ಲಾಪುರ–ವಿಜಯಪುರ ಹೆದ್ದಾರಿ ಬಂದ್ ಆಯಿತು. ಐದೇ ವರ್ಷದಲ್ಲಿ ಎರಡನೇ ಮಹಾಪೂರ. ಮಹಾರಾಷ್ಟ್ರದಲ್ಲಿ ನೀರಿನ ನೆಲೆಗಳ ತಪಾಸಣೆ ನಡೆಸಿ ಪಂಚಾಯತಿಗಳಿಗೆ ಹಸಿರು, ಹಳದಿ, ಕೆಂಪು ಕಾರ್ಡು ಕೊಡುವ ಪದ್ಧತಿಯಿದೆ. ಆ ತಪಾಸಣೆಯಲ್ಲಿ 2020 ಮತ್ತು 2025ರ ನೀರಿನ ಮಟ್ಟವನ್ನೂ ಗುರುತಿಸಿ, ಬಾವಿಯ ಕಟ್ಟೆ, ಮೋಟಾರು, ಸ್ಟಾರ್ಟರ್ ಪೆಟ್ಟಿಗೆ ಅದಕ್ಕಿಂತ ಮೇಲಿವೆಯೇ ಎಂದು ನೋಡಬೇಕು. ನೀರು ಕುದಿಸುವ ಸೂಚನೆ ಅಕ್ಕಲಕೋಟದ ಕನ್ನಡದ ಮನೆಗಳಿಗೆ ಕನ್ನಡದಲ್ಲೇ ತಲುಪಬೇಕು. ಕಾಮಾಲೆಯ ನಿಗಾ ಹೊಳೆ ಇಳಿದ ದಿನದಿಂದ ಕನಿಷ್ಠ ಎರಡು ತಿಂಗಳು ನಡೆಯಬೇಕು, ಗಡಿಯ ಎರಡೂ ಬದಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ನಡುವೆ ವಾರಕ್ಕೊಮ್ಮೆ ಲೆಕ್ಕ ಹಂಚಿಕೊಂಡು.