ಮರಳ ಮೇಲಿನ ಅಕ್ಷರ: ಬಳ್ಳಾರಿಯ ಹಳೆಯ ಶಾಲೆಗಳಿಂದ ನಮಗೊಂದು ಪಾಠ

ಇನ್ನೂರು ವರ್ಷಗಳ ಹಿಂದೆ ಕನ್ನಡದ ಮಕ್ಕಳು ಓದು ಬರಹ ಹೇಗೆ ಕಲಿಯುತ್ತಿದ್ದರು? ಇದಕ್ಕೆ ಉತ್ತರ ಹೇಳುವ ಒಂದು ಒಳ್ಳೆಯ ದಾಖಲೆ ಉಳಿದುಬಂದಿದೆ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತಮ್ಮ ಆಡಳಿತದ ಜಿಲ್ಲೆಗಳಲ್ಲಿದ್ದ ಊರ ಶಾಲೆಗಳ ಲೆಕ್ಕ ಕೇಳಿದರು. ಬಳ್ಳಾರಿ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಕಳುಹಿಸಿದರು. ತೆಲುಗು ವ್ಯಾಕರಣ ಬರೆದಿದ್ದ ಭಾಷಾಪ್ರಿಯರು ಅವರು. ಬರೀ ಅಂಕಿ ಕೊಟ್ಟು ಸುಮ್ಮನಾಗದೆ, ಶಾಲೆಯೊಳಗೆ ಏನು ನಡೆಯುತ್ತದೆ ಎಂಬುದನ್ನೂ ಬರೆದರು.

ಅವರ ಲೆಕ್ಕದಂತೆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಇವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಉಳಿದವು ಮರಾಠಿ, ಪಾರ್ಸಿ, ಸಂಸ್ಕೃತ, ತಮಿಳಿನವು. ಇಂಗ್ಲಿಷಿನದು ಒಂದೇ ಒಂದು. ಹೆಣ್ಣುಮಕ್ಕಳು ಕೇವಲ 60. ಹಳೆಯ ಕಾಲವನ್ನು ಹೊಗಳುವ ಮೊದಲು ಈ ಕೊನೆಯ ಅಂಕಿಯನ್ನು ನೆನಪಿಡಬೇಕು.

ಐದನೆಯ ವರ್ಷಕ್ಕೆ ಗಣಪತಿಯ ಮುಂದೆ ಕೂರಿಸಿ, ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುತ್ತಿದ್ದರು. ಮರುದಿನದಿಂದ ಶಾಲೆ. ಅಲ್ಲಿ ಮೊದಲ ಪಾಠ ವರ್ಣಮಾಲೆಯ ಬಾಯಿಪಾಠವಲ್ಲ, ನೆಲದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವುದು. ಕೈ ಪಳಗಿದ ಮೇಲೆಯೇ ಹಲಗೆ ಅಥವಾ ಕಡತ. ಹಲಗೆಗೆ ಅನ್ನ ಮತ್ತು ಇದ್ದಿಲ ಪುಡಿ ಬಳಿಯುತ್ತಿದ್ದರು. ಕಡತವೆಂದರೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟು ಬಳಿದ ಬಟ್ಟೆ. ಬರೆಯಲು ಬಳಪ, ಅಳಿಸಲು ಒದ್ದೆ ಬಟ್ಟೆ. ಒಮ್ಮೊಮ್ಮೆ ಈಶ್ವರಿ ಬಳ್ಳಿಯ ಎಲೆಯ ಮೇಲೂ ಬರೆಯುತ್ತಿದ್ದರಂತೆ. ಮೂತ್ರಪಿಂಡಕ್ಕೆ ಹಾನಿ ಮಾಡುವ ಗಿಡವೆಂದು ಔಷಧ ವೃತ್ತಿಯ ನಾವು ಅದನ್ನು ಬಲ್ಲೆವು. ಆ ಮಕ್ಕಳಿಗೆ ಅದು ಪುಕ್ಕಟೆ ಕಾಗದ.

ಪಾಠದ ಕ್ರಮವೂ ಸ್ಪಷ್ಟವಾಗಿತ್ತು. ಮೊದಲು ಅಕ್ಷರ, ಆಮೇಲೆ ಕಾಗುಣಿತ, ಆಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರು, ಕೊನೆಗೆ ಲೆಕ್ಕ. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ಗುಂಪು ಮಾಡಿ, ಚಿಕ್ಕವರಿಗೆ ದೊಡ್ಡ ಹುಡುಗರೇ ಹೇಳಿಕೊಡುತ್ತಿದ್ದರು. ಹೇಳಿಕೊಟ್ಟವನ ಕಲಿಕೆಯೂ ಇದರಿಂದ ಗಟ್ಟಿಯಾಗುತ್ತದೆ ಎಂದು ಕ್ಯಾಂಪ್‌ಬೆಲ್ ಮೆಚ್ಚಿದ್ದಾರೆ. ಮರಳ ಬರಹವನ್ನು ಮದರಾಸಿನಲ್ಲಿ ಕಂಡಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸುವ ಪದ್ಧತಿಯ ಬಗ್ಗೆ 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ಅದು ಮದರಾಸು ಪದ್ಧತಿ ಎಂದೇ ಹೆಸರಾಯಿತು.

ದೋಷಗಳೂ ಇದ್ದವು. ಬೆಳಿಗ್ಗೆ ಆರಕ್ಕೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ಆಮೇಲೆ ಬಂದವರಿಗೆ ಒಂದೊಂದು ಏಟು ಹೆಚ್ಚು. ಸೋಮಾರಿಗಳನ್ನು ಸೂರಿಗೆ ತೂಗುಹಾಕುವುದೂ ಇತ್ತು. ಕ್ಯಾಂಪ್‌ಬೆಲ್ ಎತ್ತಿ ತೋರಿಸಿದ ದೊಡ್ಡ ಕೊರತೆ ಬೇರೆಯೇ: ಮಕ್ಕಳು ಪದ್ಯಗಳನ್ನು ಗಿಳಿಯಂತೆ ಒಪ್ಪಿಸುತ್ತಾರೆ, ಅರ್ಥ ತಿಳಿಯದು. ಇಂಗ್ಲೆಂಡಿನ ಬಟ್ಟೆ ಬಂದು ನೇಯ್ಗೆಯವರ ಸಂಪಾದನೆ ಕುಸಿದದ್ದರಿಂದ ಊರುಗಳು ಬಡವಾಗಿ, ಶಾಲೆಗಳು ಮುಚ್ಚುತ್ತಿವೆ ಎಂದೂ ಅವರು ತಮ್ಮ ಸರ್ಕಾರಕ್ಕೇ ಮುಚ್ಚುಮರೆಯಿಲ್ಲದೆ ಬರೆದರು.

ಗಿಳಿಪಾಠದ ಕೊರತೆಗೆ ನಮ್ಮ ಕಾಲದ ಒಂದು ಉತ್ತರ ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಗಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಇಲ್ಲಿ ಅ, ಆ, ಇ, ಈ ಎಂಬ ಕ್ರಮವಿಲ್ಲ. ಮೊದಲಿಗೆ ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಸರ, ಅರಸ, ದಸರ, ಗರಗಸ ಎಂದು ಓದಿಬಿಡಬಹುದು. ಮಗುವಿಗೆ 49 ಅಕ್ಷರ ಮುಗಿಯುವ ತನಕ ಕಾಯದೆ ಅರ್ಥ ಸಿಗುತ್ತದೆ.

ಇದೆಲ್ಲ ಕೊಲ್ಲಿಯ ನಮಗೇಕೆ? ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಅರಬ್ಬಿ ಕಲಿಯುತ್ತಾರೆ. ಕನ್ನಡಕ್ಕೆ ಉಳಿಯುವುದು ವಾರದ ರಜೆಯ ಎರಡು ಗಂಟೆ. 36 ವಾರ ತಪ್ಪದೆ ನಡೆದರೂ ವರ್ಷಕ್ಕೆ 72 ಗಂಟೆ. ದಿನಕ್ಕೆ ಆರು ಗಂಟೆ ಕೂರುವ ಮಗು ಅಷ್ಟನ್ನು 12 ದಿನದಲ್ಲಿ ಮುಗಿಸುತ್ತದೆ. ಆದ್ದರಿಂದ ನಾವು ಗಂಟೆಗಳನ್ನು ಲೆಕ್ಕವಿಟ್ಟು ಖರ್ಚು ಮಾಡಬೇಕು. ರಾಜ್ಯೋತ್ಸವದ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟು ಹಾಡಿಸಿದರೆ ಚಪ್ಪಾಳೆ ಬರುತ್ತದೆ, ಆದರೆ ಅದು ಕ್ಯಾಂಪ್‌ಬೆಲ್ ಕಂಡ ಗಿಳಿಪಾಠವೇ. ಅವರ ಗಿಳಿಗೆ ಅಕ್ಷರವಾದರೂ ಬರುತ್ತಿತ್ತು.

ಹಳೆಯದರಿಂದ ಮೂರು, ಹೊಸದರಿಂದ ಒಂದು ಸಂಗತಿಯನ್ನು ತೆಗೆದುಕೊಳ್ಳಬಹುದು: ಕೈಯಿಂದ ಬರೆಯುವುದು, ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವುದು, ಮನೆಯವರ ಮತ್ತು ಊರಿನ ಹೆಸರುಗಳನ್ನು ಬರೆಸುವುದು, ಕೆಲವೇ ಅಕ್ಷರದಿಂದ ಪದ ಕಟ್ಟಿಸುವುದು. ಏಪ್ರಿಲ್‌ನಿಂದ ಜೂನ್‌ವರೆಗೆ ಅಕ್ಷರ ಮತ್ತು ಸಣ್ಣ ಪದ. ಬೇಸಿಗೆ ರಜೆಗೆ ಊರಿಗೆ ಹೋದಾಗ ಬಸ್ಸಿನ, ಅಂಗಡಿಯ ಬೋರ್ಡುಗಳೇ ಪಠ್ಯ. ಸೆಪ್ಟೆಂಬರ್‌ನಿಂದ ಕಾಗುಣಿತ, ಡಿಸೆಂಬರ್ ಮೇಲೆ ಒತ್ತಕ್ಷರ. ಮಾರ್ಚಿನಲ್ಲಿ ಪರೀಕ್ಷೆ ಬೇಡ. ಪ್ರತಿ ಮಗು ಊರಿನ ಅಜ್ಜಿಗೋ ತಾತನಿಗೋ ತನ್ನ ಕೈಯಾರೆ ನಾಲ್ಕು ಸಾಲಿನ ಕಾಗದ ಬರೆಯಲಿ. ಅವರಿಗೆ ಓದಲು ಬಂದರೆ ನಮ್ಮ 72 ಗಂಟೆಗಳು ದಂಡವಾಗಲಿಲ್ಲ.